ಲೈನ್ ಕ್ಲಿಯರ್

ಪುಟ್ಟಸ್ವಾಮಿಯನ್ನು ಆ ಕಂಪ್ಯೂಟರ್ ಕಂಪನಿಯ ಆಫೀಸಿಗೆ ಕರೆಸಿದ್ದು ಅರ್ಥಿಂಗ್ ಹಾಕಿಸುವುದಕ್ಕೆ. ಹುಣಸೂರಿನಲ್ಲಿ ಮಡಿಕೇರಿ ರಸ್ತೆಗೆ ಮುಖ ಮಾಡಿದ ಗೊಬ್ಬರದಂಗಡಿಯ ಮಹಡಿ ಮೇಲೆ ಎರಡು ಕೋಣೆ. ಒಳಗಿನ ಕೋಣೆಯ ಕಬ್ಬಿಣದ ಸ್ಟ್ಯಾಂಡಿನಲ್ಲಿ ನಾಲ್ಕು ಕಂಪ್ಯೂಟರುಗಳಿದ್ದವು. ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಎಂದು ಅಲ್ಲಿಯ ಇಂಜಿನಿಯರು ಹೇಳಿದಾಗ ಕೆಳಗಿನ ಅಂಗಡಿಯವನು ಪುಟ್ಟಸ್ವಾಮಿಯ ನಂಬರು ಕೊಟ್ಟಿದ್ದ. ಮೂವತ್ತೈದು ವರ್ಷ ಲೈನ್‌ಮನ್ ಆಗಿ ದುಡಿದು ರಿಟೈರಾದ ಮನುಷ್ಯ, ವಯಸ್ಸು ಅರವತ್ತಮೂರು.

ಅಂಗಡಿಯ ಹಿಂದೆ ಗುಂಡಿ ತೋಡಿಸಿ, ಉಪ್ಪು ಇದ್ದಿಲು ತುಂಬಿ, ತಂತಿ ಎಳೆದುಕೊಂಡು ಆತ ಮೇಲೆ ಬಂದಾಗ ಆ ಇಂಜಿನಿಯರ್ ಹುಡುಗಿ ಒಂದು ಕಂಪ್ಯೂಟರಿನ ಪ್ಲಗ್ಗನ್ನು ಕಿತ್ತು, ಗಡಿಯಾರ ನೋಡಿ ಒಂದು ನಿಮಿಷ ಕಾದು, ಮತ್ತೆ ಸಿಕ್ಕಿಸುತ್ತಿದ್ದಳು. ಅದಾದ ಮೇಲೆ ಇನ್ನೊಂದರದ್ದು. ಪುಟ್ಟಸ್ವಾಮಿ ಬಾಗಿಲಲ್ಲಿ ನಿಂತು ನೋಡಿದ.

"ಏನವ್ವ ಅದು, ಒಳ್ಳೇ ಮಿಷಿನ್‌ಗೆ ಇಂಗ್ ಮಾಡ್ತಿದ್ದೀರಿ?"

"ಕರೆಂಟ್ ಹೋದ್ರೆ ಇದು ತಡಕೊಳ್ಳುತ್ತಾ ಅಂತ ನೋಡ್ತಿದ್ದೀನಿ ಅಣ್ಣೋರೆ."

"ಕರೆಂಟು ಇಂಗೆಲ್ಲಿ ಓಯ್ತದೆ? ಟಕ್ ಅಂತ ಓಗಿ, ಒಂದ್ ನಿಮಿಷ ಇದ್ದು, ಟಕ್ ಅಂತ ಬರದು! ಅಂಗಿದ್ದಿದ್ರೆ ನಾವು ಪುಣ್ಯವಂತ್ರಾಗಿರ್ತಿದ್ವಿ ಬುಡಿ."

ಹುಡುಗಿ ನಗಲಿಲ್ಲ. ಪ್ಲಗ್ಗನ್ನು ಕೈಯಲ್ಲಿ ಹಿಡಿದುಕೊಂಡೇ, "ಹಾಗಾದ್ರೆ ಹೇಗೆ ಹೋಗುತ್ತೆ? ಹೇಳಿ" ಎಂದು ಕೇಳಿದಳು. ಅವಳ ಹೆಸರು ಅನುಶ್ರೀ. ಊರು ಹೊಸ ಅಗ್ರಹಾರ. ಮೈಸೂರಿನಲ್ಲಿ ಓದಿದವಳು, ದಿನಾ ಬೆಳಗ್ಗೆ ಕೆ.ಆರ್. ನಗರಕ್ಕೆ ಬಂದು ಅಲ್ಲಿಂದ ಹುಣಸೂರಿನ ಬಸ್ಸು ಹಿಡಿಯುತ್ತಿದ್ದಳು.

ಪುಟ್ಟಸ್ವಾಮಿ ಕೂತುಕೊಂಡು ಹೇಳಿದ. ಭರಣಿ ಮಳೆಯ ಗಾಳಿಗೆ ಕರೆಂಟು ಮೊದಲು ಕುಗ್ಗುತ್ತದೆ, ಬಲ್ಬು ಕೆಂಪಗಾಗುತ್ತದೆ. ಹೋಗುತ್ತದೆ, ಮೂರು ಸೆಕೆಂಡಿಗೆ ಬರುತ್ತದೆ, ಮತ್ತೆ ಹೋಗುತ್ತದೆ. ಕೆಲವು ಸಲ ಒಂದು ಫೇಸು ಮಾತ್ರ ಇರುತ್ತದೆ. ಹಾಗೆ ಹೋಗಿ ಬಂದು ಮಾಡುವಾಗ ಅಗ್ಗದ ಯುಪಿಎಸ್ಸುಗಳು ಗಲಿಬಿಲಿಗೊಂಡು ಕೈಬಿಡುತ್ತವೆ. ಅನುಶ್ರೀ ಅದನ್ನೆಲ್ಲ ಬರೆದುಕೊಂಡಳು. ಮರುದಿನವೂ ಬರುತ್ತೀರಾ ಎಂದು ಕೇಳಿದಳು.

ಹೀಗೆ ಅವನು ಆ ಕೆಲಸಕ್ಕೆ ಸೇರಿದ. ಒಂದು ಹಲಗೆಯ ಮೇಲೆ ನಾಲ್ಕು ಸ್ವಿಚ್ಚು, ವೋಲ್ಟೇಜ್ ತಗ್ಗಿಸುವ ಒಂದು ತಿರುಗುಣಿ ಜೋಡಿಸಿದ. ನಾಲ್ಕು ಕಂಪ್ಯೂಟರುಗಳ ಮೇಲೂ ಅನುಶ್ರೀ ಕಾಗದ ಅಂಟಿಸಿದ್ದಳು: ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ. ಪರೀಕ್ಷೆ ಮುಗಿದ ಮೇಲೆ ಒಂದೊಂದೂ ಆಯಾ ಊರಿಗೆ ಹೋಗಬೇಕಾಗಿತ್ತು.

ಕೆಲಸ ಏನೆಂದು ಅವನಿಗೆ ಎರಡೇ ದಿನದಲ್ಲಿ ಅರ್ಥವಾಯಿತು. ಒಂದು ಟ್ರಸ್ಟಿನವರು ಈ ನಾಲ್ಕು ತಾಲ್ಲೂಕುಗಳಲ್ಲಿ ಬಸುರಿಯರಿಗೆಂದು ಒಂಬತ್ತು ಚಿಕ್ಕ ಕ್ಲಿನಿಕ್ಕು ನಡೆಸುತ್ತಿದ್ದರು. ಕೋಟೆ ಕಡೆಗೆ ಮದುವೆಯಾಗಿ ಹೋದವಳು ಆರೇಳು ತಿಂಗಳು ಅಲ್ಲಿ ತೋರಿಸಿಕೊಂಡು, ಹೆರಿಗೆಗೆ ಕೆ.ಆರ್. ನಗರದ ತವರಿಗೆ ಬರುತ್ತಾಳೆ. ಅಲ್ಲಿ ಏನು ಇಂಜೆಕ್ಷನ್ ಕೊಟ್ಟರು, ರಕ್ತದ ಗುಂಪು ಯಾವುದು, ಬಿಪಿ ಎಷ್ಟಿತ್ತು ಎಂಬುದು ಇಲ್ಲಿಯವರಿಗೆ ಗೊತ್ತಿರಬೇಕು. ಅದಕ್ಕಾಗಿ ಪ್ರತಿ ತಾಯಿಗೂ ಒಂದು ನಂಬರು, ಅದೇ ಕೀ. ಆ ನಂಬರಿಗೆ ಸೇರಿದ ವಿವರವೆಲ್ಲ ಅದರ ವ್ಯಾಲ್ಯೂ. ನಂಬರು ಕೊಟ್ಟು ವಿವರ ಇಡುವುದು, ನಂಬರು ಕೊಟ್ಟು ವಿವರ ತೆಗೆಯುವುದು, ಕಂಪನಿ ಟ್ರಸ್ಟಿಗಾಗಿ ಕಟ್ಟುತ್ತಿದ್ದ ಡೇಟಾಬೇಸು ಮಾಡುವುದು ಇಷ್ಟನ್ನೇ. ಕಾಡಂಚಿನಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲವಾದ್ದರಿಂದ ಊರಿಗೊಂದು ಕಂಪ್ಯೂಟರು ಇಟ್ಟು, ಪ್ರತಿಯೊಂದು ವಿವರದ ಪ್ರತಿಯನ್ನೂ ನಾಲ್ಕರಲ್ಲಿ ಮೂರು ಕಡೆ ಇರಿಸುವ ಏರ್ಪಾಡು.

ಅನುಶ್ರೀಯ ಪಾಲಿಗೆ ಬಂದದ್ದು ಅದನ್ನು ಹಿಂಸಿಸಿ ನೋಡುವ ಕೆಲಸ. ಇಲ್ಲದ ತಾಯಂದಿರ ಲಕ್ಷಾಂತರ ವಿವರಗಳನ್ನು ಒಂದರ ಹಿಂದೊಂದು ಅದಕ್ಕೆ ತುರುಕುವುದು, ತುರುಕುತ್ತಿರುವಾಗಲೇ ಕರೆಂಟು ತೆಗೆಯುವುದು, ಆಮೇಲೆ ಎಲ್ಲ ವಿವರವೂ ಸರಿಯಾಗಿದೆಯೇ ಎಂದು ಎಣಿಸುವುದು. ಎಲ್ಲಿ ನಿಧಾನವಾಯಿತೋ ಅಲ್ಲಿ ತಿರುಪು ಸಡಿಲಿಸಿ, ಬಿಗಿ ಮಾಡಿ ಸರಿಪಡಿಸುವುದು.

ನಿಧಾನವೇ ತೊಂದರೆಯಾಗಿತ್ತು. ಗುರುವಾರ ಒಂಬತ್ತೂ ಕ್ಲಿನಿಕ್ಕಿನಲ್ಲಿ ಬಸುರಿಯರ ಸಾಲು ಇರುತ್ತದೆ. ನರ್ಸು ಗುಂಡಿ ಒತ್ತಿದ ಅರ್ಧ ಸೆಕೆಂಡಿನಲ್ಲಿ 'ಉಳಿಸಿದೆ' ಎಂದು ಪರದೆಯ ಮೇಲೆ ಬರಬೇಕೆಂದು ಕಂಪನಿಯ ಯಜಮಾನ ಶಶಿಕುಮಾರ್ ಟ್ರಸ್ಟಿನವರಿಗೆ ಮಾತು ಕೊಟ್ಟಿದ್ದ. ಅನುಶ್ರೀ ಗುರುವಾರದ ಭಾರ ಹೊರಿಸಿದಾಗ ಅದು ಮೂರು ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಒಂದು ವಾರ ಒದ್ದಾಡಿ ಅವಳು ಒಂದು ಸೆಟ್ಟಿಂಗ್ ಬದಲಾಯಿಸಿದಳು. ಮೂರು ಸೆಕೆಂಡು ಇದ್ದದ್ದು ಕಣ್ಣು ಮಿಟುಕಿಸುವಷ್ಟಕ್ಕೆ ಇಳಿಯಿತು. ಶಶಿಕುಮಾರ್ ಆಫೀಸಿಗೆಲ್ಲ ಮೈಸೂರ್ ಪಾಕ್ ತರಿಸಿದ.

ಆ ಮಧ್ಯಾಹ್ನ ಅನುಶ್ರೀ ಪುಟ್ಟಸ್ವಾಮಿಗೆ ಹೇಳಿದಳು: "ಅಣ್ಣೋರೆ, ಇವತ್ತು ನಿಮ್ಮ ಭರಣಿ ಮಳೆ ಬರಿಸಿ ನೋಡೋಣ."

"ಒಂದೂರ್ಗಾ, ಎಲ್ಲಕ್ಕೂವಾ?"

"ಎಲ್ಲಕ್ಕೂ ಒಟ್ಟಿಗೆ ಹೋಗೋದುಂಟಾ?"

"ದೊಡ್ ಲೈನ್ ಟ್ರಿಪ್ಪಾದ್ರೆ ಎಲ್ಲಾನೂ ಓಯ್ತವೆ ಕಣವ್ವ. ನನ್ ಸರ್ವಿಸ್‌ನಲ್ಲೇ ಏನಿಲ್ಲ ಅಂದ್ರೂ ಇಪ್ಪತ್ ಸತಿ ನೋಡಿವ್ನಿ."

ಅವನು ತಿರುಗುಣಿ ತಿರುಗಿಸಿ ವೋಲ್ಟೇಜ್ ಇಳಿಸಿದ. ನಾಲ್ಕೂ ಸ್ವಿಚ್ಚು ತೆಗೆದ, ಹಾಕಿದ, ತೆಗೆದ. ಯುಪಿಎಸ್ಸುಗಳು ಕಿರ್ರೆಂದು ಕೂಗಿ ಒಂದರ ಹಿಂದೊಂದು ಸುಮ್ಮನಾದವು. ನಾಲ್ಕೂ ದೀಪ ಆರಿದವು. ಸ್ವಲ್ಪ ಹೊತ್ತು ಬಿಟ್ಟು ಎಲ್ಲವನ್ನೂ ಎಬ್ಬಿಸಿ ಅನುಶ್ರೀ ಎಣಿಕೆಗೆ ಹಚ್ಚಿದಳು. ಎಣಿಕೆ ಮುಗಿದ ಮೇಲೆ ಪರದೆ ನೋಡುತ್ತ ಕೂತವಳು ಏಳಲೇ ಇಲ್ಲ.

"ಏನಾಯ್ತವ್ವ?"

"ನಾನೂರ ಹನ್ನೆರಡು ತಾಯಂದಿರ ವಿವರ ಇಲ್ಲ."

"ಇಲ್ಲ ಅಂದ್ರೆ? ಅವಕ್ಕೆ 'ಉಳಿಸಿದೆ' ಅಂತ ಬಂದಿರ್ಲಿಲ್ವ?"

"ಬಂದಿತ್ತು."

"ಮತ್ತೆ?"

ಅನುಶ್ರೀ ಕುರ್ಚಿ ಅವನ ಕಡೆ ತಿರುಗಿಸಿಕೊಂಡಳು. "ಡಿಸ್ಕಿಗೆ ಬರೆಯೋದು ನಿಧಾನ ಅಣ್ಣೋರೆ. ಅದಕ್ಕೇ ನಾನು ಹೀಗೆ ಮಾಡಿದೆ. ವಿವರ ಬಂದು ಮೆಮೊರಿಯಲ್ಲಿ ಕೂತ ತಕ್ಷಣ 'ಉಳಿಸಿದೆ' ಅಂತ ಹೇಳಿಬಿಡುತ್ತೆ. ನಿಜವಾಗಿ ಬರೆಯೋದು ಐದು ಸೆಕೆಂಡ್ ಬಿಟ್ಟು. ಹೇಗಿದ್ರೂ ಬರೆಯುತ್ತಲ್ಲ ಅಂತ ಮುಂಚೆನೇ ಹೇಳಿಬಿಡೋದು. ಆ ಐದು ಸೆಕೆಂಡಲ್ಲಿ ಕರೆಂಟ್ ಹೋದ್ರೆ ಹೋಯ್ತು."

ಪುಟ್ಟಸ್ವಾಮಿಯ ಕೈ ಸ್ವಿಚ್ಚಿನ ಹಲಗೆಯ ಮೇಲೆಯೇ ಇತ್ತು. ಅವನು ಅದನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

"ಮಾಡಕ್ ಮುಂಚೆನೇ ಆಯ್ತು ಅನ್ನದು" ಎಂದ.

"ಹೂಂ."

ಅವನು ಎದ್ದು, ಚಪ್ಪಲಿ ಮೆಟ್ಟಿಕೊಂಡು, ಮೆಟ್ಟಿಲು ಇಳಿದು ಹೋದ. ಟೀ ಕುಡಿಯಲು ಹೋಗಿರಬಹುದೆಂದು ಅನುಶ್ರೀ ಅಂದುಕೊಂಡಳು. ಅವನು ಅಂದು ಬರಲಿಲ್ಲ, ಮರುದಿನವೂ ಬರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ.

ನಾನೂರ ಹನ್ನೆರಡರ ವಿಷಯವನ್ನು ಅವಳು ಶಶಿಕುಮಾರನಿಗೆ ಹೇಳಿದಳು. ಅವನು ಕೆಟ್ಟವನಲ್ಲ. ಸಂಬಳ ತಡವಾದರೆ ತನ್ನದನ್ನು ಬಿಟ್ಟು ಉಳಿದವರಿಗೆ ಕೊಡುವವನು. ಆದರೆ ಟ್ರಸ್ಟಿನವರು ಬಂದು ನೋಡುವುದಕ್ಕೆ ಹತ್ತು ದಿನವಷ್ಟೇ ಉಳಿದಿತ್ತು.

"ಅರವತ್ತು ಲಕ್ಷದಲ್ಲಿ ನಾನೂರು, ಅನುಶ್ರೀ. ಅದೂ ನಾಲ್ಕೂ ಊರಲ್ಲಿ ಒಂದೇ ಕ್ಷಣಕ್ಕೆ ಕರೆಂಟ್ ಹೋಗಿ, ನಾಲ್ಕೂ ಯುಪಿಎಸ್ ಕೈಕೊಟ್ರೆ. ವರ್ಷಕ್ಕೆ ಒಂದು ಸಲ ಆಗಬಹುದೇನೋ."

"ಆ ಒಂದು ಸಲ ಯಾರದ್ದು ಹೋಗುತ್ತೆ ಸರ್?"

"ಆಮೇಲೆ ಸರಿ ಮಾಡೋಣ. ಈಗ ರಿಪೋರ್ಟಲ್ಲಿ ಪಾಸ್ ಅಂತ ಬರೀರಿ."

ಅವಳು ರಿಪೋರ್ಟಿನಲ್ಲಿ ಆ ಜಾಗವನ್ನು ಖಾಲಿ ಬಿಟ್ಟು ಮನೆಗೆ ಹೋದಳು.

ಭಾನುವಾರ ಬೆಳಗ್ಗೆ ಅವಳು ಪುಟ್ಟಸ್ವಾಮಿಯ ಮನೆ ಹುಡುಕಿಕೊಂಡು ಹೋದಳು. ಲಕ್ಷ್ಮಣತೀರ್ಥದ ಕಡೆಯ ಬೀದಿಯಲ್ಲಿ ಹೆಂಚಿನ ಮನೆ. ಅವನ ಹೆಂಡತಿ ಚಾಮುಂಡಮ್ಮ ಮೊರದಲ್ಲಿ ಅವರೆಕಾಳು ಆರಿಸುತ್ತಿದ್ದವರು, "ಮೂರ್ ದಿನದಿಂದ ಊಟನೇ ಸರ್ಯಾಗ್ ಮಾಡ್ತಿಲ್ಲ ಕಣವ್ವ, ಏನಾಯ್ತೋ ಕೇಳಿ" ಎಂದು ಕೂರಿಸಿ ಒಳಗೆ ಕಾಫಿಗೆ ಇಟ್ಟರು. ಪುಟ್ಟಸ್ವಾಮಿ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ.

"ನನ್ನಿಂದ ಏನಾದ್ರೂ ತಪ್ಪಾಯ್ತಾ ಅಣ್ಣೋರೆ?"

"ನಿಮ್ದೇನಿಲ್ಲ ಬುಡಿ."

ಕಂಬದಿಂದ ಬೆನ್ನು ಎತ್ತಿ ಅವನೇ ಶುರುಮಾಡಿದ.

"ಎಲ್‌ಸಿ ಅಂದ್ರೆ ಗೊತ್ತಾ ನಿಮ್ಗೆ? ಲೈನ್ ಕ್ಲಿಯರ್. ಒಬ್ಬ ಕಂಬ ಅತ್ಬೇಕಾದ್ರೆ ಇನ್ನೊಬ್ಬ ಸ್ವಿಚ್ ತಾವ್ ಓಗಿ, ಲೈನ್ ತೆಗ್ದು, ಬೀಗ ಆಕಿ, ಆಮೇಲೆ 'ಎಲ್‌ಸಿ ಆಯ್ತು' ಅನ್ಬೇಕು. ಅಲ್ಲಿಗಂಟ ತಂತಿ ಮುಟ್ಟಂಗಿಲ್ಲ. ಅದು ರೂಲು."

"ಹೂಂ."

"ನಾನು ಮಾದೇವ ಒಂದೇ ಸೆಕ್ಷನ್ನು. ಹನ್ನೊಂದ್ ವರ್ಸ ಜೊತ್ಗೆ ಕೆಲ್ಸ ಮಾಡಿದ್ವಿ. ಮಳೆಗಾಲ್ದಲ್ಲಿ ದಿನಕ್ಕೆ ಇಪ್ಪತ್ ಕಂಪ್ಲೇಂಟು. ಬ್ಯಾಗ ಮುಗೀಲಿ ಅಂತ ಒಂದ್ ಅಬ್ಯಾಸ ಮಾಡ್ಕಂಡಿದ್ವಿ. ನಾನು ಸ್ವಿಚ್ ಕಡೀಕ್ ನಡೀತಾನೇ ಫೋನ್‌ನಲ್ಲಿ 'ಎಲ್‌ಸಿ ಆಯ್ತು, ಅತ್ಕೋ' ಅನ್ತಿದ್ದೆ. ಅವ್ನು ಬೆಲ್ಟ್ ಕಟ್ಕಂಡು ಅತ್ತಕ್ಕೆ ಐದ್ ನಿಮಿಷ ಬೇಕಲ್ಲ, ಅಷ್ಟ್ರಲ್ಲಿ ನಾನು ಎಳ್ದಿರ್ತಿದ್ದೆ. ವರ್ಸಾನುಗಟ್ಲೆ ಏನೂ ಆಗ್ಲಿಲ್ಲ."

ಅವನು ತುಟಿ ಒರೆಸಿಕೊಂಡ.

"ಅವತ್ತು ಅವ್ನು ಆಗ್ಲೇ ಕಂಬದ್ ಮ್ಯಾಲಿದ್ದ. ಬೆಲ್ಟ್ ಕಟ್ಕಂಡು, ನನ್ ಮಾತ್‌ಗೇ ಕಾಯ್ತಾ ಕುಂತಿದ್ದ. ನಂಗದು ಗೊತ್ತಿಲ್ಲ. ನಾನು ಎಂದಿನಂಗೆ ನಡೀತಾ ನಡೀತಾ 'ಆಯ್ತು' ಅಂದ್ಬುಟ್ಟೆ. ಓಗಿ ಎಳುದ್ರೆ ಸ್ವಿಚ್ಚಿನ್ ಇಡಿ ಬರ್ಲಿಲ್ಲ. ತುಕ್ಕಿಡ್ದಿತ್ತು. ಎಲ್ಡನೇ ಸತಿ ಮೈಯೆಲ್ಲ ಬುಟ್ಟು ಎಳುದ್ಮೇಲೆ ಬಂತು. ಅಷ್ಟ್ರಲ್ಲಿ..."

ಒಳಗೆ ಪಾತ್ರೆಯ ಸದ್ದು ನಿಂತಿತ್ತು. ಚಾಮುಂಡಮ್ಮ ಬಾಗಿಲ ಹತ್ತಿರ ಬಂದು ನಿಂತಿದ್ದರು.

"ಸಾಹೇಬ್ರು ಬಂದ್ರು. ಕೇಸ್ ಆಗ್ಬಾರ್ದು ಅಂತ, ಎಲ್‌ಸಿ ತಗಳ್ದೇ ಕುಡ್ದು ಅತ್ತಿದ್ದ ಅಂತ ಬರ್ದ್ರು. ಸಾಕ್ಷಿ ರುಜು ಆಕು ಅಂದ್ರು. ಆಕ್ದೆ. ಅವ್ನು ಅವತ್ತು ಒಂದ್ ತೊಟ್ಟೂ ಕುಡ್ದಿರ್ಲಿಲ್ಲ. ಅತ್ತೊಂಬತ್ ವರ್ಸ ಆಯ್ತು. ಯಾರ್ಗೂ ಏಳಿಲ್ಲ."

"ನಂಗೂ ಏಳ್ಲಿಲ್ಲ" ಎಂದರು ಚಾಮುಂಡಮ್ಮ ಬಾಗಿಲಿನಿಂದ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅವರು ಮತ್ತೆ ಒಳಗೆ ಹೋದರು. ಕಾಫಿ ಹೊರಗೆ ಬರಲಿಲ್ಲ.

ಅನುಶ್ರೀ, "ಮಾದೇವ ಅವರ ಮನೆಯವರು ಇದ್ದಾರಾ?" ಎಂದು ಕೇಳಿದಳು.

"ಪಿರಿಯಾಪಟ್ಣದ್ ತಾವ ಅಳ್ಳೀಲವ್ರೆ. ಎಡ್ತಿ ಚಿಕ್ಕಬಸಮ್ಮ. ಒಬ್ಬ ಮಗ. ಆಗ ಐದ್ ವರ್ಸದವ್ನು."

ಅವಳು ಎದ್ದು ನಿಂತಾಗ ಅವನು ತಲೆ ಎತ್ತಿ ಹೇಳಿದ: "ಆ ಮಿಷಿನ್‌ಗೆ ಆ ಅಬ್ಯಾಸ ಕಲುಸ್ಬ್ಯಾಡಿ ಕಣವ್ವ. ನೂರ್ ಸತಿ ಏನೂ ಆಗಲ್ಲ. ಏನೂ ಆಗ್ದೇ ಇರದೇ ಕೆಟ್ಟುದ್ದು."

ಸೋಮವಾರ ಆಫೀಸಿಗೆ ಹೋದವಳೇ ಅನುಶ್ರೀ ಆ ಸೆಟ್ಟಿಂಗ್ ಕಿತ್ತುಹಾಕಿದಳು. ಕನಿಷ್ಠ ಎರಡು ಕಂಪ್ಯೂಟರುಗಳು ಡಿಸ್ಕಿಗೆ ಬರೆದು ಮುಗಿಸಿದ ಹೊರತು 'ಉಳಿಸಿದೆ' ಎಂಬ ಮಾತು ಹೊರಡಬಾರದೆಂದು ಬಿಗಿಮಾಡಿದಳು. ಮತ್ತೆ ಮೂರು ಸೆಕೆಂಡಾಯಿತು. ಅಲ್ಲಿಂದ ಆರು ದಿನ ಅವಳು ಬೇರೆ ದಾರಿ ಹುಡುಕಿದಳು. ಒಂದೊಂದು ವಿವರಕ್ಕೂ ಒಂದೊಂದು ಸಲ ಡಿಸ್ಕಿಗೆ ಹೋಗುವ ಬದಲು, ರೆಪ್ಪೆ ಬಡಿಯುವಷ್ಟು ಹೊತ್ತು ಕಾದು ಅಷ್ಟರಲ್ಲಿ ಬಂದ ಐವತ್ತು ಅರವತ್ತನ್ನು ಒಟ್ಟಿಗೆ ಬರೆಸಿದಳು. ಹಳೆಯ ವಿವರಗಳನ್ನು ಗುಡಿಸಿ ಒಟ್ಟುಮಾಡುವ ಕೆಲಸವೊಂದು ಒಳಗೊಳಗೇ ನಡೆಯುತ್ತಿರುತ್ತದೆ. ಅದು ನುಗ್ಗಿದಾಗೆಲ್ಲ ಹೊಸ ವಿವರ ಬಾಗಿಲಲ್ಲೇ ಕಾಯಬೇಕಾಗುತ್ತಿತ್ತು. ಗುರುವಾರ ಬೆಳಗ್ಗೆ ಅದು ತಲೆ ಹಾಕದಂತೆ ಅದರ ವೇಗವನ್ನು ಕಟ್ಟಿದಳು. ಮೂರು ಸೆಕೆಂಡು ಎರಡಾಯಿತು, ಒಂದೂಕಾಲಾಯಿತು, ಕೊನೆಗೆ ಮುಕ್ಕಾಲು ಸೆಕೆಂಡಿಗೆ ಬಂದು ನಿಂತಿತು. ಅಲ್ಲಿಂದ ಕೆಳಗೆ ಇಳಿಯಲಿಲ್ಲ.

ಈ ನಡುವೆ ಬುಧವಾರ ಪುಟ್ಟಸ್ವಾಮಿ ಬಂದ. ಮುಖ ಬತ್ತಿತ್ತು. ಸೀದಾ ಹೋಗಿ ಹಲಗೆಯ ಮುಂದೆ ಕೂತ. ಆ ವಾರ ಅವನು ನೂರ ಮೂವತ್ತು ಸಲ ಕರೆಂಟು ಕೆಡಿಸಿದ. ತನ್ನ ಮೂವತ್ತೈದು ವರ್ಷದಲ್ಲಿ ಕಂಡ ಎಲ್ಲ ಬಗೆಯಲ್ಲೂ ಕೆಡಿಸಿದ. ಪ್ರತಿ ಸಲವೂ ಅನುಶ್ರೀ ಎಣಿಸಿದಳು. ನರ್ಸಿಗೆ ಉತ್ತರ ಬಾರದೆ ಹೋದ ವಿವರಗಳಿದ್ದವು. ಅವನ್ನು ಮತ್ತೆ ಒತ್ತಿದರಾಯಿತು. 'ಉಳಿಸಿದೆ' ಎಂದು ಹೇಳಿ ಇಲ್ಲವಾದದ್ದು ಒಂದೂ ಇರಲಿಲ್ಲ.

ರಿಪೋರ್ಟು ಓದಿ ಶಶಿಕುಮಾರ್ ಅದನ್ನು ಮೇಜಿನ ಮೇಲೆ ಹಾಕಿದ. "ಅರ್ಧ ಸೆಕೆಂಡ್ ಅಂತ ನಾನು ಮಾತು ಕೊಟ್ಟಿದ್ದೀನಿ."

"ಮುಕ್ಕಾಲು ಆಗುತ್ತೆ ಸರ್. ಅದಕ್ಕಿಂತ ಬೇಗ ಹೇಳಿದ್ರೆ ಅದು ಸುಳ್ಳು ಹೇಳಿದ ಹಾಗೆ."

"ಕೆಲಸ ಕೈತಪ್ಪಿದ್ರೆ?"

"ಎರಡನ್ನೂ ಅವರ ಮುಂದೆ ಇಡ್ತೀನಿ ಸರ್. ನಾನೂರ ಹನ್ನೆರಡನ್ನೂ ಹೇಳ್ತೀನಿ. ಬೇಡ ಅಂದ್ರೆ ಬೇಡ ಅನ್ನಲಿ. ಕೆಳಗೆ ನನ್ನ ಹೆಸರೇ ಇದೆ."

ಟ್ರಸ್ಟಿನಿಂದ ಬಂದವರಲ್ಲಿ ಹಿರಿಯರು ಲಕ್ಷ್ಮಿದೇವಿ. ಕೋಟೆಯ ಕ್ಲಿನಿಕ್ಕಿನಲ್ಲಿ ಇಪ್ಪತ್ತು ವರ್ಷದಿಂದ ಇರುವ ನರ್ಸು. ಅನುಶ್ರೀ ಎರಡು ಬಗೆಯನ್ನೂ ತೋರಿಸಿ, ಎರಡರ ಒಳಿತು ಕೆಡುಕನ್ನೂ ಹೇಳಿದಳು. ಶಶಿಕುಮಾರ್ ಕೈಕಟ್ಟಿಕೊಂಡು ಗೋಡೆ ನೋಡುತ್ತಿದ್ದ.

ಲಕ್ಷ್ಮಿದೇವಿ ಕೇಳಿದ್ದು ಒಂದೇ ಪ್ರಶ್ನೆ. "ಬಿಪಿ ಏರಿ ಫಿಟ್ಸ್ ಬಂದೋಳಿಗೆ ಪಿರಿಯಾಪಟ್ಣದಲ್ಲಿ ಇಂಜೆಕ್ಷನ್ ಕೊಟ್ಟು, ಬರೆದು, ಕೆ.ಆರ್. ನಗರಕ್ಕೆ ಕಳಿಸ್ತಾರೆ ಅಂತ ಇಟ್ಕೊಳ್ಳಿ. ಆ ಬರೆದದ್ದು ಹೋಗಿಬಿಟ್ಟಿದ್ರೆ ಅಲ್ಲಿ ಅದನ್ನೇ ಇನ್ನೊಂದು ಸಲ ಕೊಡ್ತಾರೆ. ಹೌದು ತಾನೇ?"

"ಹೌದು ಮೇಡಂ."

"ಎರಡು ಸಲ ಬಿದ್ರೆ ಉಸಿರೇ ನಿಲ್ಲಬಹುದು." ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ನಿಧಾನದ್ದನ್ನೇ ಕೊಡಿ. ಸಾಲಿನಲ್ಲಿರೋರನ್ನ ನಾವು ನೋಡ್ಕೋತೀವಿ."

ಅವರು ಹೋದ ಮೇಲೆ ಶಶಿಕುಮಾರ್ ಎರಡು ದಿನ ಅನುಶ್ರೀಯೊಡನೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ, ನಾಲ್ಕೂ ಊರಿಗೆ ಒಳ್ಳೆಯ ಯುಪಿಎಸ್ ಯಾವುದೆಂದು ಪುಟ್ಟಸ್ವಾಮಿಯನ್ನು ಕೇಳಲು ಅವನೇ ಒಳಕೋಣೆಗೆ ಬಂದ.

ಆದರೆ ಪುಟ್ಟಸ್ವಾಮಿ ಅಂದು ಬಂದಿರಲಿಲ್ಲ. ಅವನು ಪಿರಿಯಾಪಟ್ಟಣದ ಬಸ್ಸಿನಲ್ಲಿದ್ದ. ಹೊರಡುವಾಗ ಚಾಮುಂಡಮ್ಮ ಒಗೆದ ಬಿಳಿ ಅಂಗಿ ಕೊಟ್ಟು, "ನಾನೂ ಬರ್ಲಾ?" ಎಂದು ಕೇಳಿದ್ದರು. "ಬ್ಯಾಡ" ಎಂದಿದ್ದ.

ಪಿರಿಯಾಪಟ್ಟಣದಲ್ಲಿ ಬಸ್ಸು ಬದಲಾಯಿಸಿ, ಊರ ಬಾಗಿಲಲ್ಲಿ ಇಳಿದು, ಕೇಳಿಕೊಂಡು ಹೋದ. ಹೊಗೆಸೊಪ್ಪಿನ ಹೊಲ ದಾಟಿದರೆ ಸೊಪ್ಪು ಒಣಗಿಸಿ ಹದಮಾಡುವ ಒಂದು ಬ್ಯಾರನ್ನು, ಅದರ ಪಕ್ಕದಲ್ಲೇ ಮನೆ. ಚಿಕ್ಕಬಸಮ್ಮ ಬ್ಯಾರನ್ನಿನ ನೆರಳಲ್ಲಿ ಕೂತು ಸೊಪ್ಪು ಪೋಣಿಸುವ ಕಡ್ಡಿಗಳನ್ನು ಕಟ್ಟುಕಟ್ಟಾಗಿ ಜೋಡಿಸುತ್ತಿದ್ದರು. ಐವತ್ತು ದಾಟಿದ ಹೆಂಗಸು, ತೆಳ್ಳಗಿನ ಮೈ. ಗುರುತು ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು.

"ಪುಟ್ಸಾಮಣ್ಣ ಅಲ್ವ? ಬನ್ನಿ, ಬನ್ನಿ. ಎಷ್ಟ್ ವರ್ಸ ಆಯ್ತು." ಚಾಪೆ ಹಾಸಿ, ಚೊಂಬಿನಲ್ಲಿ ನೀರು ತಂದಿಟ್ಟರು.

ಅವನು ಚಾಪೆಯ ಮೇಲೆ ಕೂರಲಿಲ್ಲ, ನೀರನ್ನೂ ಮುಟ್ಟಲಿಲ್ಲ. ನಿಂತೇ ಹೇಳಿದ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. ನಡೆದದ್ದನ್ನು ನಡೆದಂತೆ ಹೇಳಿದ. ಮಾಡುವ ಮೊದಲೇ 'ಆಯ್ತು' ಅಂದದ್ದು, ಹಿಡಿ ಬಾರದೆ ಹೋದದ್ದು, ರುಜು ಹಾಕಿದ್ದು.

ಚಿಕ್ಕಬಸಮ್ಮನ ಕೈಯಲ್ಲಿ ಒಂದು ಕಡ್ಡಿ ಇತ್ತು. ಅದನ್ನು ಕಟ್ಟಿಗೆ ಸೇರಿಸದೆ ಹಿಡಿದುಕೊಂಡೇ ಇದ್ದರು.

"ಕುಡ್ದಿರ್ಲಿಲ್ವ?" ಎಂದರು ಕೊನೆಗೆ.

"ಇಲ್ಲ ತಾಯಿ."

"ಮನೆಗ್ ತಂದ್ ಮನುಗ್ಸಿದ್ರಲ್ಲ, ಬಾಯ್‌ಗೆ ನೀರ್ ಬುಡುವಾಗ ನಾನು ಬಗ್ಗಿ ಮೂಸ್ ನೋಡ್ದೆ ಕಣಣ್ಣ. ವಾಸ್ನೆನೇ ಇರ್ಲಿಲ್ಲ. ಆದ್ರೆ ಅತ್ ಜನ ಏಳ್ತಾವ್ರೆ, ಕಾಗ್ದದಲ್ ಬರ್ದವ್ರೆ. ನನ್ ಮೂಗ್‌ಗೇ ಏನೋ ಆಗದೆ ಅನ್ಕಂಡೆ." ಅವರು ಕಡ್ಡಿಯನ್ನು ಕೆಳಗಿಟ್ಟರು. "ವರ್ಸ್‌ವರ್ಸ ಮಾರ್ನಮಿ ಪಕ್ಸಕ್ಕೆ ಎಡೆ ಇಕ್ಕುವಾಗ ನಮ್ ಮೈದ ಒಂದ್ ಕ್ವಾಟ್ರು ಬ್ರಾಂದಿ ತಂದ್ ಮಡಗ್ತಾನೆ. ಅವ್ರಿಗ್ ಇಷ್ಟ ಅಂತ. ನಾನು ಬ್ಯಾಡ ಅನ್ಲಿಲ್ಲ. ಕುಡ್ದು ನಮ್ನ ಬೀದಿಗ್ ಆಕ್ದ್ರಲ್ಲ ಅಂತ ಮನ್ಸಲ್ಲೇ ಬಯ್ಕಂಡೇ ಮಡಗುಸ್ದೆ."

ಪುಟ್ಟಸ್ವಾಮಿ ಕೈ ಮುಗಿದ.

"ಕೈ ಮುಗೀಬ್ಯಾಡಿ" ಎಂದರು ಚಿಕ್ಕಬಸಮ್ಮ. ಈಗ ಅವರ ದನಿ ಬದಲಾಗಿತ್ತು. "ನನ್ ಒಬ್ಬಳ್ ತಾವ ಏಳ್ಬುಟ್ ಓಗಂಗಿಲ್ಲ. ಕುಡ್ದಿದ್ರು ಅಂತ ಎಲ್ರೂ ಕೇಳಿವ್ರೆ ಅವತ್ತು. ಇವತ್ತೂ ಕೇಳ್ಲಿ." ಹೊಲದ ಕಡೆ ತಿರುಗಿ ಜೋರಾಗಿ ಕರೆದರು: "ಮಹೇಸಾ! ಚಿಕ್ಕಪ್ಪನ್ನೂ ಕರ್ಕಂಡು ಬಾಪ್ಪ!"

ಮಗ ಮಹೇಶ್‌ಕುಮಾರ್ ಕೈಗೆ ಮೆತ್ತಿದ ಸೊಪ್ಪಿನ ಅಂಟನ್ನು ಉಜ್ಜಿಕೊಳ್ಳುತ್ತ ಬಂದ. ಇಪ್ಪತ್ತನಾಲ್ಕು ವರ್ಷ, ತಂದೆಯದೇ ಭುಜ. ಹಿಂದೆ ಚಿಕ್ಕಪ್ಪ, ಸೊಪ್ಪು ಮುರಿಯಲು ಬಂದಿದ್ದ ನಾಲ್ಕಾರು ಆಳುಗಳು. ಪುಟ್ಟಸ್ವಾಮಿ ಅವರೆಲ್ಲರ ಮುಂದೆ ಮೊದಲಿನಿಂದ ಮತ್ತೆ ಹೇಳಿದ. ಎರಡನೆಯ ಸಲ ಹೇಳುವುದು ಹೆಚ್ಚು ಕಷ್ಟವಾಯಿತು, ಏಕೆಂದರೆ ಆ ಭುಜವನ್ನು ನೋಡಿಕೊಂಡೇ ಹೇಳಬೇಕಾಗಿತ್ತು.

ಚಿಕ್ಕಪ್ಪ ಮುಂದೆ ಬಂದು ಅಂಗಿಯ ಕಾಲರು ಹಿಡಿದ. "ಎಂತಾ ಮನ್ಸ ಕಣಯ್ಯ ನೀನು!"

"ಬುಡಿ ಚಿಕ್ಕಪ್ಪ" ಎಂದ ಮಹೇಶ್. ಅವನ ಕಣ್ಣು ಕೆಂಪಾಗಿತ್ತು. "ಇಸ್ಕೂಲ್‌ನಲ್ಲಿ ನನ್ನ ಕರೀತಿದ್ದಿದ್ದು ಯಂಗೆ ಅಂತ ಗೊತ್ತಾ ನಿಮ್ಗೆ?" ಎಂದು ಪುಟ್ಟಸ್ವಾಮಿಯನ್ನು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋಗಿ ಒಂದು ನೋಟ್‌ಬುಕ್ಕು, ಪೆನ್ನು ತಂದ. "ಬರ್ದು ಕೊಡಿ. ಏನ್ ಏಳುದ್ರೋ ಅದ್ನೇ."

ಪುಟ್ಟಸ್ವಾಮಿ ಜಗಲಿಯ ಮೇಲೆ ಕೂತು ಬರೆದ. ಎರಡು ಪುಟವಾಯಿತು. ತಾರೀಖು ಹಾಕಿ ರುಜು ಮಾಡಿದ. ಇಂಥದೇ ಇನ್ನೊಂದನ್ನು ಬರೆದು ಕರೆಂಟ್ ಆಫೀಸಿಗೆ ಕೊಡುತ್ತೇನೆಂದೂ, ಅವರು ಏನು ಮಾಡಿದರೂ ಒಪ್ಪುತ್ತೇನೆಂದೂ ಹೇಳಿದ. ಮಹೇಶ್ ಅದನ್ನು ಜೋರಾಗಿ ಓದಿದ. ಓದುವಾಗ ಚಿಕ್ಕಬಸಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದರು. ಅಳು ಕೇಳಿಸಲಿಲ್ಲ, ಬೆನ್ನು ಮಾತ್ರ ಅಲುಗುತ್ತಿತ್ತು. ಆಳುಗಳು ಒಬ್ಬೊಬ್ಬರಾಗಿ ಹೊಲಕ್ಕೆ ಮರಳಿದರು.

"ನಾಕೂವರೆಗೆ ಬಸ್ಸು" ಎಂದರು ಚಿಕ್ಕಬಸಮ್ಮ, ತಿರುಗದೆಯೇ. "ಮಹೇಸ, ರಸ್ತೆಗಂಟ ಬುಟ್ಬುಟ್ ಬಾ."

ಅವರಿಬ್ಬರೂ ಹೊಲದ ಬದುವಿನ ಮೇಲೆ ಒಬ್ಬರ ಹಿಂದೊಬ್ಬರು ನಡೆದರು. ರಸ್ತೆಯ ಬದಿಯ ಹೊಂಗೆ ಮರದ ಕೆಳಗೆ ನಿಂತರು. ಬಸ್ಸಿನ ಹಾರನ್ನು ತಿರುವಿನಾಚೆ ಕೇಳಿಸಿದಾಗ ಮಹೇಶ್ ಕೇಳಿದ:

"ನಮ್ಮಪ್ಪ ಕೊನೇಗೆ ಏನಾರ ಅಂದ್ರಾ? ನನ್ ಎಸ್ರು ಏನಾರ..."

ಹೌದು ಎನ್ನುವುದು ಸುಲಭವಾಗಿತ್ತು. ಹುಡುಗನ ಮುಖ ನೋಡಿದರೆ ಯಾರಿಗಾದರೂ ಹಾಗೆ ಹೇಳಬೇಕೆನಿಸುತ್ತಿತ್ತು.

"ಇಲ್ಲ ಮಗ" ಎಂದ ಪುಟ್ಟಸ್ವಾಮಿ. "ನಾನು ಓಡ್ ಓಗಷ್ಟ್ರಲ್ಲಿ ಎಲ್ಲ ಮುಗ್ದೋಗಿತ್ತು. ಏನೂ ಅನ್ಲಿಲ್ಲ."

ಮಹೇಶ್ ತಲೆಯಾಡಿಸಿದ. ಬಸ್ಸು ಬಂದು ನಿಂತಿತು. ಮುದುಕ ಮೆಟ್ಟಿಲು ಹತ್ತುವಾಗ ಕಾಲು ತೊಡರಿತು. ಮಹೇಶ್ ಅವನ ಮೊಣಕೈ ಹಿಡಿದು ಮೇಲೆ ಹತ್ತಿಸಿದ. ಬಸ್ಸು ಹೊರಟ ಮೇಲೆ ಹಿಂದಿರುಗಿ ನೋಡದೆ ಹೊಲದ ಕಡೆ ನಡೆದ.